ಕನ್ನಡಿಯೊಳಗಿನ ಕರೆಗಂಟೆ

"ಇವತ್ತು ಸಂಜೆಯೊಳಗೆ ಆ ಕರೆಗಂಟೆ ಕೆಲಸ ಮಾಡ್ಲಿಲ್ಲಾಂದ್ರೆ, ಮಹಡೀಲಿರೋ ನಮ್ಮಮ್ಮನ ಮಂಚ ಕೆಳಗೆ ನಿಮ್ಮ ಕೋಣೆಗೆ ಬರುತ್ತೆ ರೀ. ಕಾಲು ಮುರ್ಕೊಂಡೋರು ಕೂಗಿದ್ರೆ ಅಡುಗೆಮನೆಗೆ ಕೇಳಿಸ್ಬೇಕು."

ಹೆಂಡತಿ ಹೀಗೆಂದಾಗ ಬೆಸುಗೆರಾಯನ ಎದೆಯಲ್ಲಿ ಭೂಕಂಪವಾಯಿತು. ಬೀದಿಯವರು ಆ ಹೆಸರಿಟ್ಟದ್ದು ಸುಮ್ಮನಲ್ಲ. ಸೊಳ್ಳೆಯ ಮುರಿದ ರೆಕ್ಕೆಯನ್ನೂ ಬೆಸೆಯಬಲ್ಲ ಕೈ ಅದು, ಬೇಕಾದರೆ ಸೊಳ್ಳೆಯನ್ನೇ ಕೇಳಿ. ಆದರೆ ಕಿಟಕಿಯಿಲ್ಲದ ಆ ಕೋಣೆ ಬಿಟ್ಟರೆ ಭೂಮಂಡಲದಲ್ಲಿ ಅವನದೆನ್ನುವ ಜಾಗವಿರಲಿಲ್ಲ.

ಇಪ್ಪತ್ತು ವರ್ಷ ಅವನು ಹಳೇ ಸಾಫ್ಟ್‌ವೇರಿನಲ್ಲಿ ಸರ್ಕ್ಯೂಟ್ ಬರೆದು, ಕನ್ನಡಿಯ ಬಿಂಬದಂತೆ ತಿರುಗಿಸಿ ಮುದ್ರಿಸಿ, ತಾಮ್ರದ ಹಲಗೆಗೆ ಇಸ್ತ್ರಿಪೆಟ್ಟಿಗೆಯಲ್ಲಿ ಒತ್ತಿ ಬೋರ್ಡ್ ಮಾಡಿಕೊಂಡಿದ್ದ; ಒತ್ತಿದಾಗ ತಿರುಗಿದ್ದು ನೇರವಾಗುತ್ತಿತ್ತು. ಎರಡು ವರ್ಷದಿಂದ ನಡುಮನೆಯ ಕುರ್ಚಿಯಲ್ಲೇ ಮಲಗುತ್ತಿದ್ದ ಭಾವಮೈದುನ, "ಅದು ಅಜ್ಜನ ಕಾಲದ್ದು ಭಾವ. ಹೊಸ ಸಾಫ್ಟ್‌ವೇರ್ ಹಾಕ್ಕೊಳ್ಳಿ, ಫ್ಯಾಕ್ಟರಿಯೋರೇ ಬೋರ್ಡ್ ಮಾಡಿ ಕಳಿಸ್ತಾರೆ" ಎಂದು ತಲೆ ತಿಂದ. ಸಾಫ್ಟ್‌ವೇರ್ ಹೊಸದಾಯಿತು, ಚಾಳಿ ಹಳೆಯದೇ ಉಳಿಯಿತು: ಫ್ಯಾಕ್ಟರಿಗೆ ಕಳಿಸುವ ಮುನ್ನ ಕರೆಗಂಟೆಯ ಚಿತ್ರವನ್ನೂ ತಿರುಗಿಸಿಬಿಟ್ಟಿದ್ದ.

ಬೆಳಿಗ್ಗೆ ಬಂದ ಐದು ಬೋರ್ಡುಗಳಲ್ಲೂ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಕರೆಯದೆಯೇ ಬಂದು ಕನ್ನಡಿ ಹಿಡಿದರು.

"ನೋಡಯ್ಯಾ, ಈಗ ಎಲ್ಲಾ ಸರಿಯಾಗಿದೆ!"

"ಕನ್ನಡಿಯೊಳಗೆ ಬೆಸುಗೆ ಹಾಕಕ್ಕಾಗುತ್ತಾ ಮೇಷ್ಟ್ರೇ?"

"ಹಾಕಿ ನೋಡಿದ್ಯಾ?"

ಬೆಸುಗೆರಾಯ ಎಂಟು ಕಾಲಿನ ಚಿಪ್ ಅನ್ನು ಸತ್ತ ಜಿರಲೆಯಂತೆ ಅಂಗಾತ ಮಲಗಿಸಿ, ಕಾಲುಗಳನ್ನು ಹಿಂದಕ್ಕೆ ಬಗ್ಗಿಸಿ ಬೆಸೆಯತೊಡಗಿದ. ಮೊದಲ ಬೋರ್ಡಿನ ಹೊಗೆಗೆ ಆಕಾಶದ ಹದ್ದುಗಳು ದಾರಿ ತಪ್ಪಿದವು. ಎರಡನೆಯದು ಸಿಡಿಯಿತು. ಮೂರನೆಯದರ ಮೇಲೆ ಮೇಷ್ಟ್ರು ಕೂತರು. ನಾಲ್ಕನೆಯದು ಉಸಿರೇ ಎತ್ತಲಿಲ್ಲ.

ಐದನೆಯದು ಸಂಜೆ ಆರಕ್ಕೆ ಸಿದ್ಧವಾಯಿತು. ಮಹಡಿಯಲ್ಲಿ ಅತ್ತೆ ಗುಂಡಿ ಒತ್ತಿದರು. ಟ್ರಿಣ್! ಏಳು ಬೀದಿಗೆ ಕೇಳಿಸಿತು. ಬೆಸುಗೆರಾಯ ಇಪ್ಪತ್ತೆರಡು ಮೆಟ್ಟಿಲನ್ನು ನಾಲ್ಕೇ ನೆಗೆತಕ್ಕೆ ಹತ್ತಿ, ಬಾಗಿಲು ಹಿಡಿದು ನಿಂತ.

"ಕೇಳಿಸ್ತು ಅತ್ತೆ! ಕೋಣೆ ಉಳೀತು!"

ಅತ್ತೆಯ ಕಣ್ಣು ತುಂಬಿತು. "ಅಯ್ಯೋ ಅಳಿಯಂದ್ರೇ, ಹೇಗೆ ಏದುಸಿರು ಬಿಡ್ತಿದ್ದೀರಿ! ನಾನು ಒತ್ತಿದಾಗೆಲ್ಲ ನೀವು ಹೀಗೆ ಓಡಿ ಬಂದ್ರೆ ನನ್ನ ಮಗಳ ಗತಿ ಏನು? ಬೇಡಪ್ಪಾ. ಕೆಳಗೆ ನಿಮ್ಮ ಕೋಣೆಗೇ ಬಂದ್ಬಿಡ್ತೀನಿ."

ಏಳಕ್ಕೆ ಮಂಚ ಕೆಳಗಿಳಿಯಿತು. ಬೆಸುಗೆರಾಯ ಸಾಮಾನಿನ ಡಬ್ಬ ತೊಡೆಯ ಮೇಲಿಟ್ಟುಕೊಂಡು ನಡುಮನೆಯ ಕುರ್ಚಿಯಲ್ಲಿ ಕೂತ. ಕುರ್ಚಿ ಖಾಲಿಯಿತ್ತು, ಇನ್ನೂ ಬೆಚ್ಚಗಿತ್ತು.

ಟ್ರಿಣ್!

"ಭಾವಾ," ಮಹಡಿಯಿಂದ ದನಿ ಬಂತು, "ಗಂಟೆ ಅದ್ಭುತ! ಹಾಗೇ ಒಂದು ಕಾಫಿ."