ಇಂಜಿನಿಯರ್ ಮೇಡಂ ಬಿಚ್ಚಿದ ಗೇರ್‌ಬಾಕ್ಸು

“ಮೆಕ್ಯಾನಿಕ್ ಯಾಕಪ್ಪಾ? ನಾನಿಲ್ವಾ!”

ಮೆಕ್ಯಾನಿಕಲ್ ಎರಡನೇ ವರ್ಷ ಓದುತ್ತಿದ್ದ ಮಗಳು ಸ್ಪ್ಯಾನರನ್ನು ಗದೆಯಂತೆ ಹೆಗಲ ಮೇಲಿಟ್ಟುಕೊಂಡು ಹೀಗೆ ಘೋಷಿಸಿದ ಕ್ಷಣವೇ ಅವಳಿಗೆ ‘ಇಂಜಿನಿಯರ್ ಮೇಡಂ’ ಎಂಬ ಬಿರುದು ದಯಪಾಲಿಸಲಾಯಿತು. ದಯಪಾಲಿಸಿದವಳು ಅಮ್ಮ. ಆಗ ಅಮ್ಮ ನಗುತ್ತಿದ್ದದ್ದನ್ನು ಮೇಡಂ ಗಮನಿಸಲಿಲ್ಲ. ಮಹಾಕಾರ್ಯಕ್ಕೆ ಹೊರಟವರು ಅಂಥ ಚಿಲ್ಲರೆ ವಿಷಯಗಳನ್ನೆಲ್ಲ ಗಮನಿಸುತ್ತಾರೆಯೇ?

ಮಹಾಕಾರ್ಯ ಏನೆಂದರೆ ಅಪ್ಪನ ಕಾರು. ಅದು ಕಿಟ್ ಕಾರು. ಬಿಡಿಬಿಡಿಯಾಗಿ ಡಬ್ಬಗಳಲ್ಲಿ ಬಂದಿಳಿದು, ‘ತಾಕತ್ತಿದ್ದರೆ ಜೋಡಿಸಿಕೋ’ ಎಂದು ಸವಾಲು ಹಾಕುವ ಕಾರು! ಚಾಸಿ, ಬಾಡಿ, ಸೀಟು, ಸ್ಟೀರಿಂಗು ಎಲ್ಲ ಡಬ್ಬದಲ್ಲಿದ್ದವು. ಎಂಜಿನ್ನು ಮತ್ತು ಗೇರ್‌ಬಾಕ್ಸು ಮಾತ್ರ ಗುಜರಿ ಮಾಮನ ಅಂಗಡಿಯಲ್ಲಿ ಮಳೆಬಿಸಿಲಿಗೆ ಮೈಯೊಡ್ಡಿ ಕೂತಿದ್ದ ಒಂದು ಹಳೇ ಕಾರಿನ ಹೊಟ್ಟೆಯಿಂದ ಬಂದವು. ಅವನ್ನು ಬಿಚ್ಚಿ, ತೊಳೆದು, ಸವೆದದ್ದನ್ನು ಬದಲಾಯಿಸಿ, ಆಮೇಲೆ ಹೊಸ ಕಾರಿಗೆ ಕೂರಿಸಬೇಕಿತ್ತು.

ಅಪ್ಪನಿಗೆ ಲೈಬ್ರರಿಯಲ್ಲಿ ಕೆಲಸ. ಇಪ್ಪತ್ತೆರಡು ವರ್ಷ ಎಲ್ಲರಿಗೂ ‘ಶ್ಶ್’ ಅಂದೂ ಅಂದೂ ಅವನ ದನಿಯೇ ಪಿಸುಮಾತಿಗೆ ಇಳಿದುಬಿಟ್ಟಿತ್ತು. ತನಗಾಗಿ ಒಂದು ಒಳ್ಳೆಯ ಚಪ್ಪಲಿಯನ್ನೂ ಕೇಳದ ಮನುಷ್ಯ ಜೀವಮಾನದಲ್ಲಿ ಆಸೆಪಟ್ಟದ್ದು ಇದೊಂದೇ ಕಾರಿಗೆ. ಆಸೆಪಟ್ಟು ಮೂರು ವರ್ಷವಾಗಿತ್ತು. ಚಾಸಿ, ಬಾಡಿ ಜೋಡಿಸಿದ್ದಷ್ಟೇ; ಮೂರು ವರ್ಷವೂ ಅದು ಎಂಜಿನ್ನಿಲ್ಲದೆ ಶೆಡ್ಡಿನಲ್ಲಿ ಬಾಗಿಲ ಕಡೆ ಮುಖ ಮಾಡಿಕೊಂಡು, ಯಾರಾದರೂ ಕರೆದಾರೇ ಎಂದು ಕಾಯುತ್ತಿತ್ತು.

ಅಮ್ಮನೂ ಕಾಯುತ್ತಿದ್ದಳು. ಶೆಡ್ ಖಾಲಿಯಾಗಲಿ ಎಂದು! ಅಮ್ಮ ಟೈಲರ್. ಸೋಮವಾರದಿಂದ ಅಲ್ಲಿ ಅವಳ ಹೊಲಿಗೆ ಕ್ಲಾಸು, ಹನ್ನೊಂದು ಜನ ಸೇರಿಯೂ ಆಗಿತ್ತು.

“ನೋಡ್ರೀ, ಭಾನುವಾರ ನಾಲ್ಕು ಗಂಟೆ. ಅಷ್ಟರೊಳಗೆ ನಿಮ್ಮ ಕಾರು ತನ್ನ ಎಂಜಿನ್ನಲ್ಲೇ ಬಾಗಿಲು ದಾಟಿದ್ರೆ ಅಂಗಳದಲ್ಲಿ ಇಟ್ಕೊಳ್ಳಿ, ನಾನು ತುಟಿ ಬಿಚ್ಚಲ್ಲ. ಇಲ್ಲಾಂದ್ರೆ ಗುಜರಿ ಮಾಮ ಟೆಂಪೋ ತರ್ತಾನೆ.”

“ತಳ್ಳಿಕೊಂಡು ಹೋದ್ರೆ?” ಅಪ್ಪ ಪಿಸುಗುಟ್ಟಿದ.

“ಮೂರು ವರ್ಷ ನನ್ನ ತಾಳ್ಮೇನ ತಳ್ಳಿದ್ದೀರಲ್ಲ, ಸಾಕು!”

ಮೇಡಂ ರಣರಂಗಕ್ಕೆ ಇಳಿದದ್ದು ಹೀಗೆ. ಕಿಟ್ ಜೊತೆ ಒಂದು ಪುಸ್ತಕ ಬಂದಿತ್ತು. ಅಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದು, “ಒಂದ್ಸಲ ಓದ್ಕೊಂಡು ಶುರು ಮಾಡೋಣ್ವೇನಮ್ಮಾ?” ಅಂದ.

“ಟೈಮ್ ಎಲ್ಲಿದೆಯಪ್ಪಾ? ಬಿಚ್ಚುವಾಗ ಫೋಟೋ ತೆಗೀತೀನಿ. ಹೇಗಿತ್ತೋ ಹಾಗೇ ಜೋಡಿಸಿದ್ರೆ ಆಯ್ತು. ಸಿಂಪಲ್!” ಎಂದು ಮೇಡಂ ಆ ಪುಸ್ತಕವನ್ನು, ಒಂದು ಕಡೆಗೆ ವಾಲುತ್ತಿದ್ದ ಆಯಿಲ್ ಟ್ರೇಯ ಕೆಳಗೆ ಒತ್ತಾಗಿ ಇಟ್ಟಳು. ಟ್ರೇ ನೆಟ್ಟಗಾಯಿತು. ಲೈಬ್ರರಿಯ ಮನುಷ್ಯನ ಮುಖ ಮಾತ್ರ ವಾಲಿತು.

ಗೇರ್‌ಬಾಕ್ಸಿನಿಂದ ಇಳಿದ ಆಯಿಲ್ ಬೆಂದ ಟಾರಿನಂತಿತ್ತು! ಮೇಡಂ ಒಳಗಿನ ಗೇರುಗಳ ಒಂದೊಂದು ಹಲ್ಲನ್ನೂ ಉಜ್ಜಿ ಉಜ್ಜಿ ತೊಳೆದಳು. ಉಜ್ಜಿದ್ದು ಅಪ್ಪನ ಹಲ್ಲುಜ್ಜುವ ಬ್ರಷ್ಷಿನಿಂದ ಎಂಬುದು ಮಾರನೇ ಬೆಳಿಗ್ಗೆ ಅಪ್ಪನ ಬಾಯಿಗೆ ಗೊತ್ತಾಯಿತು. ಅವನು ಒಂದೊಂದು ಬೋಲ್ಟನ್ನೂ ಪುಟ್ಟ ಕವರಿನಲ್ಲಿ ಹಾಕಿ, ನಂಬರ್ ಬರೆದು, ಲೈಬ್ರರಿ ಕಾರ್ಡಿನಲ್ಲಿ ದಾಖಲಿಸಿದ. ಎಂಜಿನ್ನಿಗೆ ಹೊಸ ಪ್ಲಗ್ಗು, ಹೊಸ ಫಿಲ್ಟರು, ಹೊಸ ಬೆಲ್ಟು, ಹೊಸ ಕ್ಲಚ್ ಪ್ಲೇಟು!

ಶನಿವಾರ ಅಮ್ಮ ಕಾಫಿ ತಂದು, ನೆಲದ ಮೇಲಿನ ಕಬ್ಬಿಣದ ಗುಡ್ಡೆಯನ್ನು ಸುತ್ತು ಹಾಕಿ ನೋಡಿದಳು.

“ಅಲ್ವೇ, ಹಳೇ ಕಾರಲ್ಲಿ ಎಂಜಿನ್ನು ತೀರಾ ಬಾಲದ ಹತ್ರ ಇತ್ತು, ಗೇರ್‌ಬಾಕ್ಸು ಅದರ ಮುಂದೆ ಅಂದೆ. ಇದರಲ್ಲಿ?”

“ಇದರಲ್ಲಿ ಎಂಜಿನ್ನು ಸೀಟಿನ ಬೆನ್ನಿಗೇ ಬರುತ್ತಮ್ಮಾ, ಗೇರ್‌ಬಾಕ್ಸು ಅದರ ಹಿಂದೆ. ಎರಡನ್ನೂ ಒಟ್ಟಿಗೆ ಹಿಂದುಮುಂದು ತಿರುಗಿಸಿ ಕೂರಿಸೋದು.”

“ಆಗ ಚಕ್ರ ಉಲ್ಟಾ ತಿರುಗಲ್ವಾ?”

ಮೇಡಂಗೆ ನಗು ತಡೆಯಲಾಗಲಿಲ್ಲ. “ಅಮ್ಮಾ! ಇದು ಗೇರ್‌ಬಾಕ್ಸಮ್ಮಾ, ನಿನ್ನ ಅಂಗಿಯಲ್ಲ!”

“ಅಂಗಿ ಒಳಮೈ ಹೊರಗೆ ಮಾಡಿದ್ರೆ ಎಡತೋಳು ಬಲಕ್ಕೆ ಬರುತ್ತೆ ಕಣೇ. ಅದಕ್ಕೇ ಕೇಳ್ದೆ.”

“ಕಬ್ಬಿಣಕ್ಕೆ ಒಳಮೈ ಹೊರಮೈ ಇರಲ್ಲ. ನೀನು ಕಾಫಿ ಇಟ್ಟು ಹೋಗು!”

ಅಮ್ಮ ಕಾಫಿ ಇಟ್ಟು ಹೋದಳು. ಹೋಗುವ ಮೊದಲು ಕಾರಿನ ಹಿಂದೆ, ಶೆಡ್ಡಿನ ಹಿಂಗೋಡೆಗೆ ಆನಿಸಿ ತನ್ನ ಹೊಸ ಕಟಿಂಗ್ ಮೇಜನ್ನೂ, ಅದರ ಮೇಲೆ ಹಳದಿ ಬಟ್ಟೆಯ ಥಾನನ್ನೂ ಇರಿಸಿದಳು.

ಭಾನುವಾರ ಮೂರೂ ಐವತ್ತು. ಎಂಜಿನ್ನೂ ಗೇರ್‌ಬಾಕ್ಸೂ ಕಾರಿನೊಳಗೆ ಕೂತಾಗಿತ್ತು. ಗುಜರಿ ಮಾಮ ಟೆಂಪೋಗೆ ಒರಗಿ ನಿಂತಿದ್ದ. ಅಮ್ಮ ಗಡಿಯಾರ ನೋಡುತ್ತಿದ್ದಳು. ಅಪ್ಪ ಸೀಟಿನಲ್ಲಿ ಕೂತು, ಕೀಲಿಯನ್ನು ದೇವರ ದೀಪ ಹಚ್ಚುವವನಂತೆ ನಿಧಾನ ತಿರುಗಿಸಿದ.

ಬ್ರ್ರೂಂ!

ಒಂದೇ ಸಲಕ್ಕೆ! ಒಂದೇ ಒಂದು ಸಲಕ್ಕೆ! “ಹೊತ್ತಿತೂ!” ಎಂದು ಅಪ್ಪ ಕಿರುಚಿದ. ಅವನಿಗೆ ಕಿರುಚಲು ಬರುತ್ತದೆಂಬುದು ಮನೆಯವರಿಗೆಲ್ಲ ಅಂದೇ ತಿಳಿದದ್ದು! ಮೇಡಂಗೆ ಕಣ್ಣಲ್ಲಿ ನೀರೇ ಬಂತು.

“ಫಸ್ಟ್ ಗೇರ್ ಹಾಕಪ್ಪಾ! ಬಾ ಮುಂದಕ್ಕೆ!”

ಅಪ್ಪ ಗೇರ್ ಹಾಕಿದ. ಕ್ಲಚ್ ಬಿಟ್ಟ. ಕಾರು ಗಂಭೀರವಾಗಿ, ಯಾವ ಸಂಕೋಚವೂ ಇಲ್ಲದೆ, ಹಿಂದಕ್ಕೆ ಹೋಯಿತು.

ಧಡಾರ್!

“ಅಯ್ಯೋ ನನ್ನ ಮೇಜು!”

ಥಾನು ಉರುಳಿ, ಬಿಚ್ಚಿಕೊಂಡು, ಕಾರಿನ ಮೇಲೂ ಅಪ್ಪನ ಮೇಲೂ ಹಳದಿ ಹೊದಿಕೆಯಾಯಿತು.

“ರಿವರ್ಸ್ ಹಾಕ್ಬಿಟ್ಯೇನಪ್ಪಾ!”

“ಫಸ್ಟೇ ಕಣಮ್ಮಾ!” ಬಟ್ಟೆಯೊಳಗಿಂದ ಉತ್ತರ ಬಂತು.

“ಹಾಗಾದ್ರೆ ಸೆಕೆಂಡ್ ನೋಡು!”

ಧಡಾರ್! ಈ ಸಲ ಮೇಜಿನ ಒಂದು ಕಾಲು ಪ್ರಾಣಬಿಟ್ಟಿತು. ಅಮ್ಮನ ಕಣ್ಣು ನೋಡಿದ ಮೇಲೆ ಮೂರನೇ ಗೇರಿನ ಪ್ರಯೋಗವನ್ನು ಕೈಬಿಡಲಾಯಿತು. ಅಷ್ಟರಲ್ಲಿ ಗುಜರಿ ಮಾಮನ ಹೊಟ್ಟೆ ಕುಲುಕಲು ಶುರುವಾಗಿತ್ತು.

“ಯಾಕೆ ನಗ್ತಿದ್ದೀರಾ ಮಾಮ?”

“ಗೇರ್‌ಬಾಕ್ಸೊಳಗೆ ದೊಡ್ಡ ಹಲ್ಲಿನ ಚಕ್ರ ಇತ್ತಲ್ಲ, ಕ್ರೌನು, ಅದನ್ನ ಈ ಕಡೆಯಿಂದ ಆ ಕಡೆಗೆ ಹಾಕಿದ್ಯಾ ತಾಯಿ?”

“ಹೇಗಿತ್ತೋ ಹಾಗೇ ಹಾಕಿದೀನಿ! ಫೋಟೋ ಇದೆ!”

“ಅದೇ ಎಡವಟ್ಟಾಗಿದ್ದು. ಇಡೀ ಎಂಜಿನ್ನನ್ನ ತಿರುಗಿಸಿ ಕೂರಿಸಿದ ಮೇಲೆ ಅದನ್ನೂ ಪಕ್ಕ ಬದಲಾಯಿಸ್ಬೇಕು. ಈಗ ನಿಮ್ಮ ಕಾರಿಗೆ ಹಿಂದಕ್ಕೆ ಓಡೋಕೆ ನಾಲ್ಕು ಗೇರು, ಮುಂದಕ್ಕೆ ಒಂದೇ!”

ಮೇಡಂಗೆ ಭೂಮಿಯೇ ರಿವರ್ಸ್ ಗೇರಿನಲ್ಲಿ ತಿರುಗಿದಂತಾಯಿತು. ಒಂದು ಬೋಲ್ಟೂ ತಪ್ಪಿರಲಿಲ್ಲ, ಒಂದು ವಾಶರೂ ಉಳಿದಿರಲಿಲ್ಲ. ಎಲ್ಲವನ್ನೂ ಸರಿಯಾಗಿ ಜೋಡಿಸಿದ್ದೇ ತಪ್ಪಾಗಿತ್ತು! ಗಡಿಯಾರದಲ್ಲಿ ಮೂರೂ ಐವತ್ತೆಂಟು. ಮಾಮ ಟೆಂಪೋದಿಂದ ಹಗ್ಗ ತೆಗೆದ. ಬಟ್ಟೆ ಸರಿಸಿ ಹೊರಬಂದ ಅಪ್ಪನ ಮುಖ ನೋಡಲಾಗುತ್ತಿರಲಿಲ್ಲ.

ಮುಂದಕ್ಕೆ ಒಂದು... ಒಂದಿದೆಯಲ್ಲ!

“ಅಪ್ಪಾ! ರಿವರ್ಸ್ ಹಾಕು! ರಿವರ್ಸ್ ಹಾಕಿ ಮುಂದಕ್ಕೆ ಬಾ!”

ಅಪ್ಪ ಹಾಕಿದ. ಕಾರು ಕೊಂಯ್ಯ್ ಎಂದು ಗೊಣಗಿ, ಆಮೆಯೂ ಓವರ್‌ಟೇಕ್ ಮಾಡುವ ವೇಗದಲ್ಲಿ, ಹಳದಿ ಬಟ್ಟೆಯನ್ನು ರಾಜನ ಉತ್ತರೀಯದಂತೆ ಎಳೆದುಕೊಂಡು ಬಾಗಿಲು ದಾಟಿ ಬಿಸಿಲಿಗೆ ಬಂತು. ಗಂಟೆ ನಾಲ್ಕು ಹೊಡೆಯಿತು.

ಎಲ್ಲರೂ ಅಮ್ಮನನ್ನು ನೋಡಿದರು. ಅಮ್ಮ ಮುರಿದ ಮೇಜನ್ನು ನೋಡಿದಳು, ಮಸಿ ಮೆತ್ತಿದ ಬಟ್ಟೆಯನ್ನು ನೋಡಿದಳು, ಕೊನೆಗೆ ಸ್ಟೀರಿಂಗನ್ನು ಅಪ್ಪಿಕೊಂಡು ಮಗುವಿನಂತೆ ನಗುತ್ತಿದ್ದ ಗಂಡನನ್ನು ನೋಡಿದಳು.

“ಮಾಮ, ಹಗ್ಗ ಒಳಗಿಡಿ. ಬಾಗಿಲು ದಾಟಬೇಕು ಅಂದಿದ್ದೆ, ದಾಟ್ತು. ಯಾವ ಗೇರಲ್ಲಿ ಅಂತ ನಾನೇನೂ ಹೇಳಿರ್ಲಿಲ್ಲ.”

ಮೇಡಂ ಮೂರು ದಿನದಿಂದ ಕಟ್ಟಿಹಿಡಿದಿದ್ದ ಉಸಿರನ್ನು ಒಟ್ಟಿಗೆ ಬಿಟ್ಟು, ಅಂಗಳದಲ್ಲೇ ಕಾಲು ಚಾಚಿ ಕೂತಳು. ಅಪ್ಪ ಮಾತ್ರ ಇಳಿದು, ನೇರವಾಗಿ ಶೆಡ್ಡಿಗೆ ಹೋಗಿ, ಟ್ರೇಯ ಕೆಳಗಿಂದ ಪುಸ್ತಕ ಎಳೆದು, ಆಯಿಲ್ ಒರೆಸಿ ಪುಟ ತಿರುವಿದ.

“ಮೂವತ್ತೊಂದನೇ ಪುಟ. ದಪ್ಪಕ್ಷರದಲ್ಲಿದೆ,” ಎಂದ. ಮತ್ತೆ ಪಿಸುಮಾತಿನಲ್ಲಿ.

ಸೋಮವಾರ ಹೊಲಿಗೆ ಕ್ಲಾಸು ಶುರುವಾದಾಗ ಶೆಡ್ಡಿನಲ್ಲಿ ಹನ್ನೆರಡು ಸ್ಟೂಲುಗಳಿದ್ದವು. ಹನ್ನೆರಡನೆಯದರ ಮೇಲೆ ಉಗುರಲ್ಲಿ ಗ್ರೀಸ್ ಹೊತ್ತು ಇಂಜಿನಿಯರ್ ಮೇಡಂ. ಅಮ್ಮ ಒಳಮೈ ಹೊರಗಾದ ಅಂಗಿಯೊಂದನ್ನು ಅವಳ ಮಡಿಲಿಗೆ ಹಾಕಿ, ಒಂದು ಬಿಡಿ ತೋಳನ್ನು ಕೈಗಿತ್ತಳು.

“ಹೇಳಿ ಮೇಡಂ. ಎಡತೋಳು ಇದು. ಯಾವ ಕಡೆ ಬರುತ್ತೆ?”

ಮೇಡಂ ಅಂಗಿಯನ್ನು ನೋಡಿದಳು. ತೋಳನ್ನು ನೋಡಿದಳು. ಎರಡನ್ನೂ ಒಮ್ಮೆ ಹಿಂದುಮುಂದು ತಿರುಗಿಸಿದಳು.

“ಅಮ್ಮಾ... ಗುಜರಿ ಮಾಮನಿಗೆ ಒಂದು ಫೋನ್ ಮಾಡ್ಲಾ?”