ನಳದ ಹೊತ್ತಿಗೇ ಬಂದ ಆರೋಗ್ಯ

ಈಗಷ್ಟೇ ಬರೆಯಲು ಕೂತಿದ್ದೆ, ಮತ್ತೆ ಬಾಗಿಲು ಬಡಿದರು. ಈ ತೆಲುಗು ಊರಿನ ಬೇಗಂ ಬಜಾರಿನ ಹಿಂದಿನ ನಮ್ಮ ಗಲ್ಲಿಗೆ ಪೈಪು ರಿಪೇರಿ ಮಾಡಲು ಯಾರೂ ಬರುವುದಿಲ್ಲ. ನಮ್ಮ ಆರೋಗ್ಯ ವಿಚಾರಿಸಲು ಮಾತ್ರ ವಾರಕ್ಕೊಬ್ಬರು ತಪ್ಪದೆ ಬರುತ್ತಾರೆ. ಕುಡಿಯುವ ನೀರಿನ ಪೈಪು ಮೋರಿಯೊಳಗೇ ಹಾದು ಬರುತ್ತದೆ. ಎರಡು ವರ್ಷದ ನನ್ನ ಮಗಳಿಗೆ ತಿಂಗಳಿಗೆ ಮೂರು ಸಲ ಭೇದಿ. ಇಷ್ಟೇ ನಮ್ಮ ಕಥೆ. ಉಳಿದದ್ದೆಲ್ಲ ಇವರು ಮಾಡಿದ್ದು.

ಕೈ ತೊಳೆಯುವ ಪಾಠ

ನಮ್ಮಲ್ಲಿ ನಳ ಬರುವುದು ದಿನ ಬಿಟ್ಟು ದಿನ, ಬೆಳಿಗ್ಗೆ ಅರ್ಧ ಗಂಟೆ. ಸರಿಯಾಗಿ ಆ ಹೊತ್ತಿಗೆ ಬೀದರ್ ಕಡೆಯ ನರ್ಸ್ ಬಾಯಿಯೊಬ್ಬಳು ಚಾರ್ಟು ಹಿಡಿದು ಬಂದಳು. ಕೂರಲು ಜಾಗ ಸಾಲದೆಂದು ಸಾಲಿನಲ್ಲಿಟ್ಟಿದ್ದ ಕೊಡಗಳನ್ನೆಲ್ಲ ಸರಿಸಿ, ಹೆಂಗಸರನ್ನು ನಳದ ಮುಂದೆ ಕೂರಿಸಿದಳು. ಬೆರಳ ಸಂದಿ ಉಜ್ಜುವುದು ಹೇಗೆಂದು ಹೇಳಿ ಮುಗಿಸುವುದರೊಳಗೆ ನಳ ನಿಂತಿತು.

"ಈಗ ಎಲ್ಲಾರೂ ಒಮ್ಮೆ ಕೈ ತೊಳದು ತೋರಿಸ್ರಿ" ಅಂದಳು.

ಪಕ್ಕದ ಮನೆಯ ಕಾಕು ಸೆರಗು ಜಾಡಿಸಿ ಎದ್ದರು. "ತೋರಸ್ತೀವಿ ತಗೋರಿ ಬಾಯಾರ. ನಾಡದ್ದು ಬರ್ರಿ."

ಔಷಧದ ಚೀಟಿ

ಮಗಳನ್ನು ಎತ್ತಿಕೊಂಡು ದವಾಖಾನೆಗೆ ಹೋದೆ. "ಬರೇ ಗುಳಿಗೆ ಕೊಟ್ಟರೆ ಏನು ಬಂತಮ್ಮಾ, ಇದಕ್ಕೆ ಬೇಕಾದದ್ದೇ ಬೇರೆ" ಎಂದು ಡಾಕ್ಟರು ಚೀಟಿ ಬರೆದರು. ಅವರ ಅಕ್ಷರ ಓದಲು ನನ್ನ ಹತ್ತನೇ ಇಯತ್ತೆ ಸಾಲದು. ಔಷಧದ ಅಂಗಡಿಯವನು ನಮ್ಮ ಕಲಬುರ್ಗಿಯವನೇ. ಎರಡು ಸಲ ಓದಿದ. ಕನ್ನಡಕ ಒರೆಸಿಕೊಂಡು ಮೂರನೇ ಸಲ ಓದಿದ.

"ಏನ್ ಬರದಾರ ಅಣ್ಣಾರ?"

"ಶುದ್ಧ ನೀರು. ಗಾಳಿ ಬೆಳಕಿರೋ ಮನಿ. ಮೋರಿಯಿಂದ ದೂರ."

"ದಿನಕ್ಕ ಎಷ್ಟು ಸಲ ಕೊಡಬೇಕಂತ?"

"ನಮ್ಮಲ್ಲಿ ಸ್ಟಾಕ್ ಇಲ್ಲ ತಂಗಿ. ಸಾವ್ಕಾರ್ರು ಇರೋ ಬಂಜಾರಾ ಹಿಲ್ಸಿನಾಗ ವಿಚಾರಿಸು."

ದೊಡ್ಡವರು ಬಂದದ್ದು

ಲೋಕದಲ್ಲಿ ಬಡವರಿಗೇ ಯಾಕೆ ರೋಗ ಹೆಚ್ಚು ಎಂದು ಕಣ್ಣಾರೆ ನೋಡಲು ಪರದೇಶದವರು ನಮ್ಮ ಗಲ್ಲಿಗೆ ಬರುತ್ತಾರೆಂದು ಸುದ್ದಿಯಾಯಿತು. ಹದಿನೈದು ದಿನ ಮೊದಲೇ ಮುನ್ಸಿಪಾಲ್ಟಿ ಆಫೀಸಿನವರು ಬಂದು ಮೋರಿ ಬಳಿದರು, ಮೇಲೆ ಚಪ್ಪಡಿ ಹಾಸಿದರು. ಗೋಡೆಗೆಲ್ಲ ಸುಣ್ಣ ಹೊಡೆದರು. ಗೋಡೆಗೆ ಒರಗಿ ಮಲಗಿದ್ದ ಎಮ್ಮೆ ಏಳಲಿಲ್ಲ, ಅದಕ್ಕೂ ಅರ್ಧ ಹೊಡೆದರು. ದಿನಾ ಟ್ಯಾಂಕರಿನಲ್ಲಿ ನೀರು. ಮಗಳ ಭೇದಿ ನಿಂತಿತು, ಗಲ್ಲ ತುಂಬಿತು.

ಪರದೇಶದವರು ಬಂದು ಮನೆ ಮನೆ ಹೊಕ್ಕು ರೋಗ ಹುಡುಕಿದರು. ಸಿಗಲಿಲ್ಲ. ನನ್ನ ಮಗಳ ಗಲ್ಲ ಹಿಂಡಿ, ಫೋಟೋ ತೆಗೆದುಕೊಂಡು ಹೋದರು.

ಮರುದಿನ ಚಪ್ಪಡಿಗಳನ್ನು ಎತ್ತಿ ಲಾರಿಗೆ ಹೇರುತ್ತಿದ್ದರು. ಮಗಳನ್ನು ಕಂಕುಳಲ್ಲಿಟ್ಟುಕೊಂಡು ಆಫೀಸರನ ಹತ್ತಿರ ಓಡಿದೆ. ನನ್ನ ಹರಕುಮುರಕು ತೆಲುಗಿನಲ್ಲಿ ಬೇಡಿದೆ: "ಟ್ಯಾಂಕರ್ ನಿಲ್ಲಿಸಬೇಡಿ ಸಾರ್, ಆ ನೀರಿನಿಂದಲೇ ಕೂಸು ಹುಷಾರಾಗಿದೆ."

ಆತ ರಿಜಿಸ್ಟರ್ ತೆರೆದ. "ರೋಗ ಇರುವ ಗಲ್ಲಿಗೆ ಮಾತ್ರ ಟ್ಯಾಂಕರಮ್ಮಾ."

"ಹಾಗಾದರೆ ರೋಗ ಇದೆ ಅಂತಲೇ ಬರೆಯಿರಿ."

"ಹಾಗೆ ಬರೆದರೆ, ಇಷ್ಟು ದಿನ ನೀರು ಕೊಟ್ಟರೂ ಉಪಯೋಗವಾಗಿಲ್ಲ ಅಂತ ನಿಲ್ಲಿಸುತ್ತಾರೆ."

ಮಗಳು ಕೈ ಚಾಚಿ ಅವನ ಪೆನ್ನು ಎಳೆಯುತ್ತಿದ್ದಳು. ಅದನ್ನು ಬಿಡಿಸಿಕೊಂಡು ಆತ ಕೇಳಿದ:

"ಬೇಗ ಹೇಳಮ್ಮಾ. ಈ ಮಗುವಿಗೆ ಆರಾಮ ಇದೆಯೋ, ಇಲ್ಲವೋ?"