ಕ್ಯಾಂಟಾಟಾ ಅಂದರೇನು ಅಂತ ಮಗಳು ಹೇಳಬೇಕಿತ್ತು

ಮಗಳು ಹೂಸ್ಟನ್ನಿನಲ್ಲಿ ಪಾಶ್ಚಾತ್ಯ ವೃಂದಗಾನದ ಮೇಲೆ ಡಾಕ್ಟರೇಟ್ ಮಾಡೋಕೆ ಸೇರಿದಾಗಿನಿಂದ, ನಾವು ಗಂಡ ಹೆಂಡತಿ ಬಾಯಿಬಿಟ್ಟ ಕಡೆಯೆಲ್ಲ ಏನಾದರೊಂದು ಎಡವಟ್ಟು ಆಗುತ್ತಲೇ ಬಂದಿದೆ.

೧. ಫ್ಲೂಗರ್‌ವಿಲ್‌ನಲ್ಲಿ ಊಟ

ಪಕ್ಕದೂರಿನ ಸ್ನೇಹಿತರ ಮನೆಯಲ್ಲಿ ಹುಬ್ಬಳ್ಳಿ ಕಡೆಯ ಹೆಂಗಸೊಬ್ಬರು ಹೋಳಿಗೆ ಬಡಿಸುತ್ತ ಕೇಳಿದರು: "ಮಗಳು ಏನ್ ಓದಾಕತ್ತಾಳ್ರೀ?"

"ಕ್ಯಾಂಟಾಟಾ ಅಂತ ಒಂದು ಸಂಗೀತ ಪ್ರಕಾರ. ಇಪ್ಪತ್ತನೇ ಶತಮಾನದಲ್ಲಿ ಅದು ಅಂದರೇನು ಅಂತ ಕಂಡುಹಿಡೀತಿದ್ದಾಳೆ."

"ಎಷ್ಟ್ ವರ್ಷ ಆತ್ರೀ?"

"ಐದು."

ಅವರು ಮರುಕದಿಂದ ನನ್ನ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿದರು. "ಇರ್ಲಿ ಬಿಡ್ರೀ, ಸಿಗ್ತದ."

೨. ಹೈವೇಯಲ್ಲಿ ರಿಹರ್ಸಲ್

ಪ್ರೊಫೆಸರುಗಳ ಮುಂದೆ ಥೀಸಿಸ್ ಸಮರ್ಥಿಸಿಕೊಳ್ಳುವ ದಿನ. ನಮ್ಮೂರು ಲಿಯಾಂಡರ್‌ನಿಂದ ಮೂವರೂ ಬೆಳಿಗ್ಗೆಯೇ ಕಾರಿನಲ್ಲಿ ಹೂಸ್ಟನ್ನಿಗೆ ಹೊರಟೆವು. ಮಗಳು ತಿಂಡಿ ಮುಟ್ಟಿರಲಿಲ್ಲ. ಹಿಂದಿನ ಸೀಟಿನಲ್ಲಿ ಥೀಸಿಸ್ ತಿರುವಿಹಾಕುತ್ತ ಕೂತಿದ್ದಳು.

"ಕ್ಯಾಂಟಾಟಾ ಅಂದ್ರೇನು ಅಂತ ನನ್ಗೆ ಹೇಳು ಪುಟ್ಟಿ, ಅಭ್ಯಾಸ ಆಗತ್ತೆ," ಅಂದಳು ನನ್ನ ಹೆಂಡತಿ.

"ಓಕೆ. ಕೋರಸ್, ಸೋಲೋ ಹಾಡೋರು, ಆರ್ಕೆಸ್ಟ್ರಾ ಇರ್ತಾರೆ. ಹಲವು ಭಾಗಗಳಿರತ್ತೆ. ಆಕ್ಟಿಂಗ್ ಇರಲ್ಲ."

"ಎಷ್ಟು ಸುಲಭ!"

"ಬಟ್ ಅಮ್ಮ, ಕೆಲವದ್ರಲ್ಲಿ ಸೋಲೋನೇ ಇಲ್ಲ. ಕೆಲವದ್ರಲ್ಲಿ ಆರ್ಕೆಸ್ಟ್ರಾ ಇಲ್ಲ. ಕೆಲವನ್ನ ಸ್ಟೇಜ್ ಮೇಲೆ ಆಕ್ಟ್ ಕೂಡ ಮಾಡ್ತಾರೆ."

ಹೆಂಡತಿ ಹಿಂದಕ್ಕೆ ತಿರುಗಿ ಮೆಲ್ಲಗೆ ಅಂದಳು: "ಮೊದಲಿಂದಷ್ಟೇ ಹೇಳ್ಬಿಡು. ಮಿಕ್ಕಿದ್ದು ಅವರಾಗೇ ಕೇಳೋವರೆಗೂ ಬಾಯಿಬಿಡಬೇಡ."

"ಅಮ್ಮ! ಮಿಕ್ಕಿದ್ದೇ ನನ್ನ ಥೀಸಿಸ್!"

೩. ಬಾಗಿಲ ಆಚೆ

ಮೊದಲ ಒಂದು ಗಂಟೆ ನಮಗೂ ಒಳಗೆ ಕೂರಲು ಅವಕಾಶವಿತ್ತು. ಗಡ್ಡದ ಪ್ರೊಫೆಸರೊಬ್ಬರು ಕೇಳಿದರು: "ಸಂಗೀತ ಬರೆದವರೇ ಕ್ಯಾಂಟಾಟಾ ಅಂತ ಕರೆದರೆ ಅದು ಕ್ಯಾಂಟಾಟಾ ಅಂತೀರಿ. ನಾಳೆ ನನ್ನ ದಿನಸಿ ಚೀಟಿಯ ಮೇಲೆ ನಾನೂ ಹಾಗೇ ಬರೆದರೆ?"

ಹೆಂಡತಿಯ ಉಗುರು ನನ್ನ ಮುಂಗೈಗೆ ನಾಟಿತು. ಮಗಳು ನೀರು ಕುಡಿದಳು.

"ಹೆಸರೊಂದೇ ಸಾಲದು. ಆದರೆ ಅದನ್ನು ಹಲವು ಭಾಗಗಳಾಗಿ ಕಟ್ಟಿ, ಕೋರಸ್‌ ಕೈಲಿ ಹಾಡಿಸಿ, ಎಲ್ಲ ಸೇರಿ ಒಂದೇ ಕೃತಿ ಅಂತ ಕೇಳಿಸಿದರೆ, ನಿಮ್ಮ ಚೀಟಿಗೂ ಒಂದು ಅಧ್ಯಾಯ ಬರೀತೀನಿ."

ಅವರು ನಗಲಿಲ್ಲ. ಏನೋ ಬರೆದುಕೊಂಡು, ಪ್ರೊಫೆಸರುಗಳೇ ಕೂತು ತೀರ್ಮಾನಿಸಬೇಕು ಅಂತ ಮಗಳನ್ನೂ ಸೇರಿಸಿ ನಮ್ಮೆಲ್ಲರನ್ನೂ ಹೊರಗೆ ಕಳಿಸಿದರು.

ಮೂವತ್ತು ವರ್ಷ ಸರ್ಜನ್ ಆಗಿ ರೋಗಿಗಳ ಮನೆಯವರನ್ನು ಹೀಗೇ ಬಾಗಿಲ ಹೊರಗೆ ಕಾಯಿಸಿದವನು ನಾನು. ಆ ಬೆಂಚಿನ ಮೇಲೆ ಕೂರುವುದು ಎಂಥ ಕಷ್ಟ ಅಂತ ಅವತ್ತೇ ಗೊತ್ತಾದದ್ದು. ಅರ್ಧ ಗಂಟೆಯಾದರೂ ಬಾಗಿಲು ತೆರೆಯಲಿಲ್ಲ. ಮಗಳು ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದಳು.

ಕೊನೆಗೆ ಬಾಗಿಲು ತೆರೆಯಿತು. ಗಡ್ಡದ ಪ್ರೊಫೆಸರ್ ಕೈ ಮುಂದೆ ಚಾಚಿ, "ಕಂಗ್ರಾಜುಲೇಷನ್ಸ್, ಡಾಕ್ಟರ್!" ಅಂದರು.

ಮಗಳು ಎದ್ದು ನಿಲ್ಲುವಷ್ಟರಲ್ಲಿ ನಾನು ಅವರ ಕೈ ಕುಲುಕಿ, "ಥ್ಯಾಂಕ್ಯೂ, ಥ್ಯಾಂಕ್ಯೂ" ಅಂದಾಗಿತ್ತು.